ಸೆಸರ್ ವಯೆಹೊ: ಪದೇ ಪದೇ ಕೇಳುವ ಪ್ರಶ್ನೆಗಳು

ಪೆರು ದೇಶದ ಕವಿ ಸೆಸರ್ ವಯೆಹೊ ಬಗ್ಗೆ ಮಾತು ಬಂದರೆ ಸಾಮಾನ್ಯವಾಗಿ ಎರಡು ವಿಷಯ ಕಿವಿಗೆ ಬೀಳುತ್ತವೆ. ಪ್ಯಾರಿಸ್‌ನಲ್ಲಿ ಹೊಟ್ಟೆಗಿಲ್ಲದೆ ಸತ್ತ ಅನ್ನುವುದು ಒಂದು. ಅವನ ಕವಿತೆ ಯಾರಿಗೂ ಅರ್ಥವಾಗುವುದಿಲ್ಲ ಅನ್ನುವುದು ಇನ್ನೊಂದು. ಎರಡರಲ್ಲೂ ಸ್ವಲ್ಪ ನಿಜ ಇದೆ, ಜಾಸ್ತಿ ದಂತಕಥೆ ಇದೆ. ಹೊಸದಾಗಿ ಓದಲು ಹೊರಟವರು ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಂದೊಂದಾಗಿ ತೆಗೆದುಕೊಂಡಿದ್ದೇನೆ.

ಹೆಸರನ್ನು ಹೇಗೆ ಹೇಳಬೇಕು? ವಲ್ಲೆಜೋ ಅಂತಾನಾ?

ಅಲ್ಲ, ವಯೆಹೊ. ಸ್ಪ್ಯಾನಿಷ್‌ನಲ್ಲಿ ಎಲ್ ಅಕ್ಷರ ಎರಡು ಜೊತೆಗೆ ಬಂದರೆ ಹೆಚ್ಚಿನ ಕಡೆ 'ಯ' ಆಗುತ್ತದೆ. ಜೆ ಅಕ್ಷರ 'ಹ' ಆಗುತ್ತದೆ. ಪೂರ್ತಿ ಹೆಸರಿನ ಕೊನೆಗೆ ಮೆಂಡೋಸಾ ಅಂತಲೂ ಬರುತ್ತದೆ. ಅದು ಅಮ್ಮನ ಮನೆತನದ ಹೆಸರು. ಪುಸ್ತಕಗಳಲ್ಲಿ ಎಲ್ಲರೂ ವಯೆಹೊ ಅಂತಲೇ ಬರೆಯುತ್ತಾರೆ.

ಯಾವ ಊರು, ಎಂಥ ಮನೆ?

ಪೆರುವಿನ ಉತ್ತರಕ್ಕೆ, ಆಂಡೀಸ್ ಬೆಟ್ಟಗಳ ಮೇಲೆ ಸಾಂತಿಯಾಗೊ ದೆ ಚೂಕೊ ಅನ್ನುವ ಊರಿದೆ. ಸಮುದ್ರಮಟ್ಟದಿಂದ 3,000 ಮೀಟರಿಗೂ ಮೇಲೆ. 1892ರ ಮಾರ್ಚ್ 16ರಂದು ವಯೆಹೊ ಅಲ್ಲಿ ಹುಟ್ಟಿದ. ಹನ್ನೊಂದು ಮಕ್ಕಳಲ್ಲಿ ಕೊನೆಯವನು. ಅಪ್ಪ ಊರಿನ ಸಣ್ಣಪುಟ್ಟ ಸರ್ಕಾರಿ ಕೆಲಸ ನೋಡಿಕೊಳ್ಳುತ್ತಿದ್ದರು. ತಂದೆಯ ತಂದೆ, ತಾಯಿಯ ತಂದೆ ಇಬ್ಬರೂ ಸ್ಪೇನಿನಿಂದ ಬಂದ ಪಾದ್ರಿಗಳು. ಅಜ್ಜಿಯರಿಬ್ಬರೂ ಅಲ್ಲಿನ ಮೂಲನಿವಾಸಿ ಹೆಂಗಸರು. ಪಾದ್ರಿಗಳಿಗೆ ಮದುವೆ ಇಲ್ಲ, ಆದರೂ ಮೊಮ್ಮಕ್ಕಳಿದ್ದರು ಅಂದರೆ ಆ ಕಾಲದ ಆ ಬೆಟ್ಟದ ಬದುಕು ಹೇಗಿತ್ತು ಅಂತ ನೀವೇ ಊಹಿಸಬಹುದು.

ಮನೆಯಲ್ಲಿ ದೇವರ ಭಕ್ತಿ ಜಾಸ್ತಿ. ಈ ಹುಡುಗನೂ ಪಾದ್ರಿಯಾಗಲಿ ಅಂತ ಮನೆಯವರಿಗೆ ಆಸೆ ಇತ್ತು. ಅವನು ಆಗಲಿಲ್ಲ. ಆದರೆ ಬೈಬಲ್ಲಿನ ಮಾತು, ಪ್ರಾರ್ಥನೆಯ ಧಾಟಿ ಕೊನೆಯ ಕವಿತೆಯವರೆಗೂ ಅವನನ್ನು ಬಿಡಲಿಲ್ಲ. ದೇವರ ಮೇಲೆ ರೇಗುವಾಗಲೂ ಅವನು ಪ್ರಾರ್ಥನೆ ಮಾಡುವವನ ಭಾಷೆಯಲ್ಲೇ ರೇಗುತ್ತಾನೆ.

ಈ ಮನೆ ಅವನ ಕವಿತೆಯೊಳಗೆ ಕೊನೆತನಕ ಇದೆ. ಅಮ್ಮ, ಅಕ್ಕಂದಿರಾದ ಆಗೆದಿತಾ ಮತ್ತು ನತೀವಾ, ಅಣ್ಣ ಮಿಗೆಲ್, ಎಲ್ಲರೂ ಹೆಸರು ಹಿಡಿದೇ ಬರುತ್ತಾರೆ. ಮಿಗೆಲ್ 1915ರಲ್ಲಿ ತೀರಿಕೊಂಡ. ಅವನ ಮೇಲೆ ಬರೆದ ಕವಿತೆಯನ್ನು ಒಮ್ಮೆ ಓದಿ. ತಮ್ಮ, ಅಂದರೆ ವಯೆಹೊ, ಮನೆಯ ಜಗಲಿ ಮೇಲೆ ಕೂತಿದ್ದಾನೆ. ಹಿಂದೆ ಇಬ್ಬರೂ ಸಂಜೆ ಹೊತ್ತು ಕಣ್ಣಾಮುಚ್ಚಾಲೆ ಆಡುತ್ತಿದ್ದರು. ಈ ಸಲ ಅಡಗಿಕೊಂಡ ಅಣ್ಣ ಹೊರಗೆ ಬರುತ್ತಲೇ ಇಲ್ಲ. ಕೊನೆಗೆ ತಮ್ಮ ಹೇಳುತ್ತಾನೆ: ಅಣ್ಣಾ, ಬೇಗ ಬಾ, ಆಯ್ತಾ? ಅಮ್ಮ ಗಾಬರಿಯಾಗಬಹುದು. ಅಷ್ಟೇ. ಸಾವು ಅನ್ನುವ ಮಾತನ್ನು ದೊಡ್ಡದು ಮಾಡದೆ ಸಾವಿನ ಬಗ್ಗೆ ಬರೆಯುವುದು ಅಂದರೆ ಇದು.

ಹೊಟ್ಟೆಪಾಡಿಗೆ ಏನು ಮಾಡುತ್ತಿದ್ದ?

ಸಿಕ್ಕಿದ ಕೆಲಸ. ಓದು ನಡುನಡುವೆ ನಿಂತುಹೋಗುತ್ತಿತ್ತು, ದುಡ್ಡಿರಲಿಲ್ಲ. ಕಿರುವಿಲ್ಕ ಅನ್ನುವ ಗಣಿಯ ಕಚೇರಿಯಲ್ಲಿ ಕೆಲಸ ಮಾಡಿದ. ಒಂದು ಸಿರಿವಂತ ಮನೆಯ ಮಕ್ಕಳಿಗೆ ಪಾಠ ಹೇಳಿದ. ರಾಜಧಾನಿ ಲೀಮಾದಲ್ಲಿ ವೈದ್ಯಕೀಯ ಓದಲು ಶುರು ಮಾಡಿ ಬಿಟ್ಟ. 1912ರ ಹೊತ್ತಿಗೆ ಚಿಕಾಮ ಕಣಿವೆಯ 'ರೋಮಾ' ಅನ್ನುವ ದೊಡ್ಡ ಕಬ್ಬಿನ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ಕೆಲಸಕ್ಕೆ ಸೇರಿದ. ಕತ್ತಲಿರುವಾಗಲೇ ಕೂಲಿಗಳು ಅಂಗಳದಲ್ಲಿ ಸಾಲಾಗಿ ನಿಲ್ಲುತ್ತಿದ್ದರು. ರಾತ್ರಿಯವರೆಗೆ ದುಡಿದರೂ ಅವರ ಸಾಲ ತೀರುತ್ತಿರಲಿಲ್ಲ. ಆ ಸಾಲದ ಪುಸ್ತಕ ಇರುತ್ತಿದ್ದುದು ವಯೆಹೊ ಕೂರುತ್ತಿದ್ದ ಕಚೇರಿಯಲ್ಲೇ. ಗಣಿ ಮತ್ತು ಕಬ್ಬಿನ ತೋಟ, ಇವೆರಡು ಅವನ ರಾಜಕೀಯಕ್ಕೆ ಮಾರ್ಕ್ಸ್‌ಗಿಂತ ಮೊದಲೇ ಬುನಾದಿ ಹಾಕಿದವು ಅಂತ ನನಗನಿಸುತ್ತದೆ.

1915ರಲ್ಲಿ ಉತ್ತರ ಪೆರುವಿನ ತ್ರುಹಿಯೊ ನಗರದ ವಿಶ್ವವಿದ್ಯಾಲಯದಿಂದ ಪದವಿ ಪಡೆದ. ಸ್ಪ್ಯಾನಿಷ್ ಕಾವ್ಯದ ರೊಮ್ಯಾಂಟಿಸಿಸಂ ಮೇಲೆ ಪ್ರಬಂಧ. ಖರ್ಚಿಗೆ ಶಾಲೆಯಲ್ಲಿ ಮೇಷ್ಟ್ರಾಗಿದ್ದ. ಒಂದನೇ ತರಗತಿಯಲ್ಲಿ ಅವನ ಕೈಕೆಳಗೆ ಸಿರೊ ಅಲೆಗ್ರಿಯ ಅನ್ನುವ ಪುಟ್ಟ ಹುಡುಗನಿದ್ದ. ಆ ಹುಡುಗ ಮುಂದೆ ಪೆರುವಿನ ದೊಡ್ಡ ಕಾದಂಬರಿಕಾರನಾದ, ತನ್ನ ಮೇಷ್ಟ್ರ ಬಗ್ಗೆ ನೆನಪುಗಳನ್ನೂ ಬರೆದ.

ಇದೇ ತ್ರುಹಿಯೊದಲ್ಲಿ ಗೆಳೆಯರ ಒಂದು ಗುಂಪು ಸಿಕ್ಕಿತು. ಅಂತೆನೊರ್ ಒರ್ರೆಗೊ ಅದರ ಮುಂದಾಳು. ಮುಂದೆ ಪೆರುವಿನ ರಾಜಕೀಯವನ್ನೇ ಅಲುಗಾಡಿಸಿದ ಆಯಾ ದೆ ಲಾ ತೊರ್ರೆ ಕೂಡ ಅದರಲ್ಲಿದ್ದ. ರಾತ್ರಿಯಿಡೀ ಕವಿತೆ, ವಾದ, ಜಗಳ. ಊರಿನ ಸಂಪ್ರದಾಯಸ್ಥರಿಗೆ ಇವರನ್ನು ಕಂಡರೆ ಆಗುತ್ತಿರಲಿಲ್ಲ.

ಮೊದಲ ಪುಸ್ತಕ ಯಾವುದು?

'ಲೋಸ್ ಎರಾಲ್ದೋಸ್ ನೆಗ್ರೋಸ್', ಅಂದರೆ ಕಪ್ಪು ದೂತರು. ಪುಸ್ತಕದ ಮೇಲೆ 1918 ಅಂತಿದೆ, ಅಂಗಡಿಗೆ ಬಂದಿದ್ದು 1919ರಲ್ಲಿ. ಅಬ್ರಾಮ್ ವಾಲ್ದೆಲೊಮಾರ್ ಅನ್ನುವ ಹೆಸರಾಂತ ಲೇಖಕ ಮುನ್ನುಡಿ ಬರೆದುಕೊಡುತ್ತೇನೆ ಅಂದಿದ್ದ. ಕಾದು ಕಾದು ಸಾಕಾಗಿ ಮುನ್ನುಡಿ ಇಲ್ಲದೆಯೇ ಹೊರಗೆ ತಂದರು. ವಾಲ್ದೆಲೊಮಾರ್ ಅದೇ ವರ್ಷ ನವೆಂಬರಿನಲ್ಲಿ ತೀರಿಕೊಂಡ.

ಮೊದಲ ಕವಿತೆಯ ಮೊದಲ ಸಾಲು ಪೆರುವಿನಲ್ಲಿ ಶಾಲೆಗೆ ಹೋದವರಿಗೆಲ್ಲ ಬಾಯಿಪಾಠ. ಬದುಕಿನಲ್ಲಿ ಎಂತೆಂಥ ಏಟುಗಳಿವೆ, ಎಷ್ಟು ಜೋರು... ನನಗೆ ಗೊತ್ತಿಲ್ಲ! ಹೀಗೆ ಶುರುವಾಗುತ್ತದೆ. ಮಾತು ಅರ್ಧಕ್ಕೇ ನಿಂತು 'ನನಗೆ ಗೊತ್ತಿಲ್ಲ' ಅಂತ ಕೈಚೆಲ್ಲುತ್ತದೆ ನೋಡಿ, ಅಲ್ಲೇ ಹೊಸ ದನಿ ಕೇಳಿಸುತ್ತದೆ. ಅದಕ್ಕೂ ಹಿಂದೆ ಲ್ಯಾಟಿನ್ ಅಮೆರಿಕದ ಕಾವ್ಯ ನಿಕರಾಗುವಾದ ರೂಬೆನ್ ದಾರಿಯೊನ ಹಿಡಿತದಲ್ಲಿತ್ತು. ಹಂಸ, ಅರಮನೆ, ಸಂಗೀತದಂಥ ಶಬ್ದ. ಈ ಪುಸ್ತಕದಲ್ಲೂ ಅದರ ಗುಂಗು ಸಾಕಷ್ಟಿದೆ. ಕೆಲವು ಕವಿತೆಗಳು ಈಗ ಓದಿದರೆ ಅಲಂಕಾರ ಜಾಸ್ತಿ ಆಯಿತು ಅನಿಸುತ್ತವೆ. ಆದರೆ ಅದೇ ಮೊದಲ ಕವಿತೆಯಲ್ಲಿ, ದೇವರ ದ್ವೇಷದಂಥ ಏಟುಗಳ ಮಾತಿನ ನಡುವೆ, ಒಲೆಯ ಬಾಯಲ್ಲೇ ಸೀದುಹೋಗುವ ಬ್ರೆಡ್ಡಿನ ಚಟಪಟ ಸದ್ದೂ ಬರುತ್ತದೆ. ಇನ್ನೇನು ಕೈಗೆ ಬರಬೇಕು, ಅಷ್ಟರಲ್ಲಿ ಸೀಯುವ ಬ್ರೆಡ್.

ಆ ಬ್ರೆಡ್ಡನ್ನು ನೆನಪಿಟ್ಟುಕೊಳ್ಳಿ. ವಯೆಹೊನನ್ನು ಓದಲು ನನಗೆ ಗೊತ್ತಿರುವ ಅತಿ ಒಳ್ಳೆಯ ದಾರಿ ಅದು. ದಂತಕಥೆ ಬಿಟ್ಟು ಬ್ರೆಡ್ ಎಲ್ಲೆಲ್ಲಿ ಬರುತ್ತದೆ ಅಂತ ಹುಡುಕುತ್ತಾ ಹೋದರೆ ಸಾಕು, ಅವನು ಏನು ಹೇಳುತ್ತಿದ್ದಾನೆ ಅನ್ನುವುದು ತಾನಾಗೇ ಗೊತ್ತಾಗುತ್ತದೆ. ಇದೇ ಪುಸ್ತಕದ ಇನ್ನೊಂದು ಕವಿತೆಯಲ್ಲಿ ಅವನು ಬೆಳಗಿನ ಕಾಫಿ ಕುಡಿಯುತ್ತಾ ಯೋಚಿಸುತ್ತಾನೆ: ನಾನು ಹುಟ್ಟದೇ ಇದ್ದಿದ್ದರೆ ಈ ಕಾಫಿಯನ್ನು ಇನ್ನೊಬ್ಬ ಬಡವ ಕುಡಿಯುತ್ತಿದ್ದ. ನನ್ನ ಮೂಳೆಗಳೆಲ್ಲ ಬೇರೆಯವರವು, ನಾನು ಕದ್ದಿರಬೇಕು. ತನ್ನ ಕಷ್ಟ ಹೇಳಿಕೊಳ್ಳುವ ಕವಿಗಳು ಬೇಕಾದಷ್ಟು ಜನ ಇದ್ದಾರೆ. ತಾನು ಕುಡಿಯುವ ಒಂದು ಲೋಟ ಕಾಫಿಗೂ ತಪ್ಪಿತಸ್ಥನಂತೆ ನಿಲ್ಲುವವರು ಕಡಿಮೆ.

ಜೈಲಿಗೆ ಹೋಗಿದ್ದು ಯಾಕೆ?

1918ರಲ್ಲಿ ಅಮ್ಮ ತೀರಿಕೊಂಡರು. ಆಗ ವಯೆಹೊ ಲೀಮಾದಲ್ಲಿದ್ದ. ಎರಡು ವರ್ಷದ ಮೇಲೆ, 1920ರಲ್ಲಿ, ಊರ ಹಬ್ಬದ ಹೊತ್ತಿಗೆ ಸಾಂತಿಯಾಗೊ ದೆ ಚೂಕೊಗೆ ಬಂದ. ಊರಿನಲ್ಲಿ ರಾಜಕೀಯದ ಹಳೇ ಹಗೆ ಇತ್ತು. ಆಗಸ್ಟ್ 1ರಂದು ಗಲಭೆ ಆಗಿ ಜನ ಸತ್ತರು, ಸಾಂತಾ ಮರೀಯ ಮನೆತನದ ದೊಡ್ಡ ಅಂಗಡಿಗೆ ಬೆಂಕಿ ಬಿತ್ತು. ಕುಮ್ಮಕ್ಕು ಕೊಟ್ಟವರ ಪಟ್ಟಿಯಲ್ಲಿ ಕವಿಯ ಹೆಸರೂ ಸೇರಿತು. ಕೆಲವು ತಿಂಗಳು ತಲೆಮರೆಸಿಕೊಂಡಿದ್ದ. ನವೆಂಬರಿನಲ್ಲಿ ತ್ರುಹಿಯೊದಲ್ಲಿ ಹಿಡಿದರು. 112 ದಿನ ಒಳಗಿದ್ದ. ಲೇಖಕರು, ಪತ್ರಿಕೆಯವರು, ವಿದ್ಯಾರ್ಥಿಗಳು ಸೇರಿ ಗಲಾಟೆ ಎಬ್ಬಿಸಿದ ಮೇಲೆ 1921ರ ಫೆಬ್ರುವರಿಯಲ್ಲಿ ತಾತ್ಕಾಲಿಕವಾಗಿ ಬಿಟ್ಟರು. ಕೇಸು ಮಾತ್ರ ಮುಚ್ಚಲಿಲ್ಲ.

'ತ್ರಿಲ್ಸೆ' ಅಷ್ಟು ಕಷ್ಟ ಅಂತಾರಲ್ಲ, ನಿಜವಾ?

ನಿಜ. ಸುಲಭ ಅಂತ ಹೇಳಿದರೆ ಸುಳ್ಳಾಗುತ್ತದೆ.

1922ರಲ್ಲಿ ಲೀಮಾದ ಸೆರೆಮನೆಯ ಮುದ್ರಣಾಲಯದಲ್ಲಿ ಅಚ್ಚಾದ ಪುಸ್ತಕ ಇದು. 200 ಪ್ರತಿ. ಮುನ್ನುಡಿ ಒರ್ರೆಗೊನದು. 77 ಕವಿತೆಗಳಿವೆ, ಒಂದಕ್ಕೂ ಹೆಸರಿಲ್ಲ, ಬರೀ ರೋಮನ್ ಅಂಕಿ. ಹೆಸರಿನ ಹಿಂದೆ ಒಂದು ತಮಾಷೆ ಕಥೆ ಇದೆ. ಅವನು ಮೊದಲು 'ಸೆಸರ್ ಪೆರು' ಅಂತ ಕಾವ್ಯನಾಮ ಇಟ್ಟುಕೊಂಡಿದ್ದನಂತೆ. ಗೆಳೆಯರು ನಕ್ಕರು. ಅಷ್ಟರಲ್ಲಿ ಕೆಲವು ಪುಟ ಅಚ್ಚಾಗಿತ್ತು, ಬದಲಾಯಿಸಲು ಇನ್ನೂ ಮೂರು ಪೌಂಡ್ ಬೇಕು ಅಂದರು. 'ತ್ರೆಸ್, ತ್ರೆಸ್' (ಮೂರು, ಮೂರು) ಅಂತ ಸ್ಪ್ಯಾನಿಷ್‌ನಲ್ಲಿ ಗೊಣಗುತ್ತಾ ಗೊಣಗುತ್ತಾ ಈ ಶಬ್ದ ಹುಟ್ಟಿತಂತೆ. ನಂಬುವುದು ಬಿಡುವುದು ನಿಮಗೆ ಬಿಟ್ಟಿದ್ದು.

ಇದರಲ್ಲಿ ವ್ಯಾಕರಣ ಮುರಿಯುತ್ತದೆ. ಕಾಗುಣಿತ ಬೇಕೆಂದೇ ತಪ್ಪುತ್ತದೆ. ಅಂಕಿಗಳು, ವಿಜ್ಞಾನದ ಶಬ್ದಗಳು, ಮಕ್ಕಳ ಮಾತು, ಹಳ್ಳಿ ಮಾತು ಎಲ್ಲ ಒಂದೇ ಸಾಲಿನಲ್ಲಿ ನುಗ್ಗುತ್ತವೆ. ಯುರೋಪಿನ ಹೊಸ ಪ್ರಯೋಗಗಳ ಸುದ್ದಿ ಪೆರುವಿಗೆ ತುಂಡುತುಂಡಾಗಿ ತಲುಪುತ್ತಿದ್ದ ಕಾಲ ಅದು. ಅಲ್ಲಿ ಕೂತು ಅವನು ಇಷ್ಟು ದೂರ ಹೋಗಿದ್ದ.

ಆದರೆ ಒಂದು ಗುಟ್ಟು ಇದೆ. 77ರಲ್ಲಿ ಸುಮಾರು ಕವಿತೆಗಳು ಮನೆಯ ಕವಿತೆಗಳೇ. ಮೂರನೆಯದನ್ನು ನೋಡಿ. ದೊಡ್ಡವರು ಎಲ್ಲೋ ಹೋಗಿದ್ದಾರೆ, ಕತ್ತಲಾಗುತ್ತಿದೆ, ಕುರುಡ ಸಾಂತಿಯಾಗೊ ಗಂಟೆ ಬಾರಿಸುತ್ತಿದ್ದಾನೆ, ಮನೆಯಲ್ಲಿ ಮಕ್ಕಳು ಮಾತ್ರ. ದೊಡ್ಡ ಹುಡುಗ ಉಳಿದವರಿಗೆ ಧೈರ್ಯ ಹೇಳುತ್ತಾನೆ. ಕೊನೆಗೆ ಕರೆದರೆ ಯಾರೂ ಓಗೊಡುವುದಿಲ್ಲ. ಹದಿನೆಂಟನೆಯದು ಜೈಲಿನ ಕೋಣೆ: ನಾಲ್ಕು ಗೋಡೆಗಳು, ಎಷ್ಟು ಎಣಿಸಿದರೂ ನಾಲ್ಕೇ. ಇಪ್ಪತ್ತಮೂರನೆಯದರಲ್ಲಿ ಅಮ್ಮನೇ ಬ್ರೆಡ್ ಬೇಯುವ ಒಲೆ. ಅವಳು ಮಕ್ಕಳಿಗೆ ಹಂಚಿ ಕೊಟ್ಟಿದ್ದಳು. ಈಗ ಅವಳಿಲ್ಲ, ಜಗತ್ತಿನವರು ಬಂದು ಅವಳು ಬಿಟ್ಟುಹೋದ ಜಾಗಕ್ಕೆ ಬಾಡಿಗೆ ಕೇಳುತ್ತಿದ್ದಾರೆ, ಆ ಬ್ರೆಡ್ಡಿಗೂ ಬೆಲೆ ಕೇಳುತ್ತಿದ್ದಾರೆ.

ಇಪ್ಪತ್ತೆಂಟನೆಯದು ನನಗೆ ಎಲ್ಲಕ್ಕಿಂತ ಇಷ್ಟ. ಇವತ್ತು ಒಬ್ಬನೇ ಊಟ ಮಾಡಿದೆ ಅಂತ ಶುರು. ಅಮ್ಮ ಇಲ್ಲ, ಉಪಚಾರ ಇಲ್ಲ, 'ಬಡಿಸ್ಕೋ' ಅನ್ನುವ ಮಾತಿಲ್ಲ, ನೀರೂ ಇಲ್ಲ. ಆಮೇಲೆ ಗೆಳೆಯನ ಮನೆಗೆ ಊಟಕ್ಕೆ ಹೋದದ್ದನ್ನು ನೆನೆಯುತ್ತಾನೆ. ಅಲ್ಲಿ ಎಲ್ಲರೂ ಇದ್ದಾರೆ, ನಗು ಇದೆ, ಅದೇ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಇದಕ್ಕೆ ಯಾವ ಟಿಪ್ಪಣಿ ಬೇಕು ಹೇಳಿ?

ಪುಸ್ತಕ ಬಂದಾಗ ಲೀಮಾ ತಲೆಯೆತ್ತಿ ನೋಡಲಿಲ್ಲ. ಒರ್ರೆಗೊಗೆ ಬರೆದ ಪತ್ರದಲ್ಲಿ ವಯೆಹೊ ಹೇಳಿದ್ದು: ಪುಸ್ತಕ ಬರೀ ಶೂನ್ಯದಲ್ಲಿ ಹುಟ್ಟಿದೆ, ಅದರ ಪೂರ್ತಿ ಹೊಣೆ ನನ್ನದೇ. ಎಂಟು ವರ್ಷದ ಮೇಲೆ, 1930ರಲ್ಲಿ, ಮ್ಯಾಡ್ರಿಡ್‌ನಲ್ಲಿ ಎರಡನೇ ಮುದ್ರಣ ಬಂತು. ಸ್ಪೇನಿನ ಲೇಖಕ ಹೊಸೆ ಬೆರ್ಗಮಿನ್ ಮುನ್ನುಡಿ ಬರೆದ.

ಪೆರು ಬಿಟ್ಟು ಹೋಗಿದ್ದು ಯಾಕೆ? ವಾಪಸ್ ಬರಲಿಲ್ವಾ?

ಬರಲೇ ಇಲ್ಲ. ಕೆಲಸ ಹೋಗಿತ್ತು, ಹಳೇ ಕೇಸು ಮತ್ತೆ ತೆರೆಯುವ ಭಯ ಇತ್ತು, ಪ್ಯಾರಿಸ್ ನೋಡುವ ಆಸೆಯೂ ಇತ್ತು. 1923ರ ಜೂನ್‌ನಲ್ಲಿ 'ಒರೊಯ' ಅನ್ನುವ ಹಡಗು ಹತ್ತಿದ. ಜುಲೈನಲ್ಲಿ ಪ್ಯಾರಿಸ್ ಮುಟ್ಟಿದ. ಜೊತೆಗೆ ಒಬ್ಬ ಗೆಳೆಯ, ಜೇಬಿನಲ್ಲಿ ಏನೂ ಇಲ್ಲ ಅನ್ನುವಷ್ಟು ದುಡ್ಡು.

ಮೊದಲ ಎರಡು ವರ್ಷ ತೀರಾ ಕಷ್ಟ. 1924ರಲ್ಲಿ ಅಪ್ಪ ತೀರಿಕೊಂಡ ಸುದ್ದಿ ಬಂತು. ಅದೇ ವರ್ಷ ಕರುಳಿನ ರಕ್ತಸ್ರಾವದಿಂದ ಧರ್ಮಾಸ್ಪತ್ರೆ ಸೇರಿದ. ಆಮೇಲೆ ಲೀಮಾದ 'ಮುಂದಿಯಾಲ್', 'ವರಿಯೆದಾದೆಸ್' ಪತ್ರಿಕೆಗಳಿಗೆ ಪ್ಯಾರಿಸ್‌ನಿಂದ ಲೇಖನ ಕಳಿಸತೊಡಗಿದ. ಸಿನಿಮಾ, ಚಿತ್ರಕಲೆ, ನಾಟಕ, ಕ್ರೀಡೆ, ರಾಜಕೀಯ ಯಾವುದನ್ನೂ ಬಿಡಲಿಲ್ಲ. ದುಡ್ಡು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. 1926ರಲ್ಲಿ ಸ್ಪೇನಿನ ಕವಿ ಹುವಾನ್ ಲರ್ರೆಯ ಜೊತೆ ಒಂದು ಪತ್ರಿಕೆ ಮಾಡಿದ. ಎರಡು ಸಂಚಿಕೆಗೆ ನಿಂತಿತು.

ಇಲ್ಲಿ ಬಹಳ ಜನ ಗಮನಿಸದ ವಿಷಯ ಒಂದಿದೆ. 1922ರ ನಂತರ ಅವನು ಬದುಕಿದ್ದಾಗ ಒಂದೇ ಒಂದು ಹೊಸ ಕವನ ಸಂಕಲನ ಹೊರಬರಲಿಲ್ಲ. ಇವತ್ತು ನಾವು ಅವನನ್ನು ದೊಡ್ಡ ಕವಿ ಅನ್ನುವುದಕ್ಕೆ ಕಾರಣವಾದ ಕವಿತೆಗಳಲ್ಲಿ ಅರ್ಧಕ್ಕಿಂತ ಹೆಚ್ಚು ಟೈಪ್ ಮಾಡಿದ ಹಾಳೆಗಳಾಗಿ ಮನೆಯಲ್ಲೇ ಇದ್ದವು.

ಕಮ್ಯುನಿಸ್ಟ್ ಆಗಿದ್ದನಾ?

ಹೌದು, ಸುಮ್ನೆ ಫ್ಯಾಷನ್ನಿಗಲ್ಲ. 1928, 1929, 1931ರಲ್ಲಿ ಮೂರು ಸಲ ಸೋವಿಯತ್ ಒಕ್ಕೂಟಕ್ಕೆ ಹೋದ. 1930ರ ಕೊನೆಗೆ ಫ್ರಾನ್ಸ್ ಸರ್ಕಾರ ಅವನನ್ನು ದೇಶ ಬಿಟ್ಟು ಹೋಗು ಅಂದಿತು. ಮ್ಯಾಡ್ರಿಡ್‌ಗೆ ಬಂದ. 1931ರಲ್ಲಿ ಅಲ್ಲಿ ಪಕ್ಷ ಸೇರಿದ. ಅದೇ ವರ್ಷ ರಷ್ಯಾ ಪ್ರವಾಸದ ಪುಸ್ತಕ ಬಂತು. ಬದುಕಿದ್ದಾಗ ನಿಜವಾಗಿ ಮಾರಾಟವಾದ ಅವನ ಪುಸ್ತಕ ಅದೊಂದೇ ಅನ್ನಬಹುದು, ಕೆಲವೇ ತಿಂಗಳಲ್ಲಿ ಮೂರು ಮುದ್ರಣ ಕಂಡಿತು.

ಅದೇ 1931ರಲ್ಲಿ 'ಎಲ್ ತುಂಗ್‌ಸ್ತೆನೊ' ಅನ್ನುವ ಗಣಿ ಕಾರ್ಮಿಕರ ಕಾದಂಬರಿಯೂ ಬಂತು. ಅಮೆರಿಕದ ಕಂಪನಿ, ಅದರ ಕೈಗೊಂಬೆಗಳಾದ ಊರಿನ ದೊಡ್ಡವರು, ನೆಲ ಕಳೆದುಕೊಳ್ಳುವ ಮೂಲನಿವಾಸಿಗಳು. ಸಿಟ್ಟು ಸಾಚಾ, ಆದರೆ ಪಾತ್ರಗಳು ಘೋಷಣೆಯ ಹಾಗೆ ಮಾತಾಡುತ್ತವೆ. ಅದಕ್ಕಿಂತ 'ಪಾಕೊ ಯುಂಕೆ' ಅನ್ನುವ ಸಣ್ಣಕಥೆ ಸಾವಿರ ಪಾಲು ಮೇಲು. ಪ್ರಕಾಶಕರೊಬ್ಬರು ಮಕ್ಕಳ ಕಥೆ ಕೇಳಿದ್ದರು. ಇವನು ಬರೆದುಕೊಟ್ಟಿದ್ದು ಶ್ರೀಮಂತರ ಮನೆಯಲ್ಲಿ ಕೆಲಸಕ್ಕಿರುವ ಹುಡುಗ, ಆ ಮನೆಯ ಮಗನ ಜೊತೆ ಶಾಲೆಗೆ ಹೋಗುವ ಮೊದಲ ದಿನದ ಕಥೆ. ಹೋಂವರ್ಕ್ ಕದಿಯುವವನು ಯಜಮಾನನ ಮಗ, ಬಹುಮಾನವೂ ಅವನಿಗೇ. ತುಂಬಾ ದುಃಖ ಇದೆ ಅಂತ ಪ್ರಕಾಶಕರು ವಾಪಸ್ ಕೊಟ್ಟರು. 1951ರಲ್ಲಿ ಅಚ್ಚಾಯಿತು. ಈಗ ಪೆರುವಿನ ಮಕ್ಕಳು ಶಾಲೆಯಲ್ಲಿ ಅದನ್ನು ಓದುತ್ತಾರೆ.

ಸ್ಪೇನಿನ ಯುದ್ಧಕ್ಕೂ ಅವನಿಗೂ ಏನು ಸಂಬಂಧ?

1936ರ ಜುಲೈನಲ್ಲಿ ಸೇನಾ ದಂಗೆಯಿಂದ ಅಂತರ್ಯುದ್ಧ ಶುರುವಾದಾಗ ವಯೆಹೊ ಮತ್ತೆ ಪ್ಯಾರಿಸ್‌ನಲ್ಲಿದ್ದ. ಅಲ್ಲಿಂದಾಚೆಗೆ ಅವನ ಬದುಕಿನಲ್ಲಿ ಬೇರೆ ವಿಷಯವೇ ಇರಲಿಲ್ಲ ಅನ್ನಬೇಕು. ಸಭೆ, ಚಂದಾ, ಲೇಖನ, ಸ್ಟೇಷನ್ನಿಗೆ ಹೋಗಿ ಸುದ್ದಿ ಕೇಳುವುದು. ಚಿಲಿ ದೇಶದ ಕವಿ ಪಾಬ್ಲೊ ನೆರೂಡನ ಜೊತೆ ಸೇರಿ ಸ್ಪೇನಿನ ನೆರವಿಗೆ ಲ್ಯಾಟಿನ್ ಅಮೆರಿಕದವರ ಒಂದು ಗುಂಪು ಕಟ್ಟಿದ. ಎರಡು ಸಲ ಸ್ಪೇನಿಗೆ ಹೋಗಿ ಬಂದ. 1937ರ ಜುಲೈನಲ್ಲಿ ಲೇಖಕರ ಅಂತರರಾಷ್ಟ್ರೀಯ ಸಮ್ಮೇಳನ ಯುದ್ಧದ ನಡುವೆಯೇ ವಲೆನ್ಸಿಯಾ, ಮ್ಯಾಡ್ರಿಡ್ ಅಂತ ಊರೂರಿನಲ್ಲಿ ನಡೆಯಿತು. ಪೆರುವಿನ ಪರವಾಗಿ ಅವನಿದ್ದ.

ವಾಪಸ್ ಬಂದ ಮೇಲೆ, ಆ ವರ್ಷದ ಕೊನೆಯ ಮೂರ್ನಾಲ್ಕು ತಿಂಗಳಲ್ಲಿ ಕಟ್ಟೆ ಒಡೆದ ಹಾಗೆ ಬರೆದ. 'ಸ್ಪೇನೇ, ಈ ಪಾತ್ರೆಯನ್ನು ನನ್ನಿಂದ ದೂರಮಾಡು' ಅನ್ನುವ ಹದಿನೈದು ಕವಿತೆಗಳ ಪುಸ್ತಕ ಹುಟ್ಟಿದ್ದು ಆಗ. ಹೆಸರು ಯೇಸು ಗೆತ್ಸೆಮನೆ ತೋಟದಲ್ಲಿ ಮಾಡಿದ ಪ್ರಾರ್ಥನೆಯಿಂದ ಬಂದದ್ದು. ಅದರಲ್ಲಿ ಪೆದ್ರೊ ರೋಹಾಸ್ ಅನ್ನುವ ರೈಲ್ವೆ ಕೆಲಸಗಾರನಿದ್ದಾನೆ. ಹೆಬ್ಬೆರಳಿನಿಂದ ಗಾಳಿಯಲ್ಲಿ 'ಸಂಗಾತಿಗಳು ಬಾಳಲಿ' ಅಂತ ಕಾಗುಣಿತ ತಪ್ಪಿ ಬರೆಯುತ್ತಾನೆ. ಅವನನ್ನು ಕೊಂದ ಮೇಲೆ ಜೇಬಿನಲ್ಲಿ ಸಿಗುವುದು ಒಂದು ಚಮಚ. ಎಲ್ಲಿಗೆ ಹೋದರೂ ಊಟಕ್ಕೆ ಅಂತ ಇಟ್ಟುಕೊಂಡಿದ್ದ ಚಮಚ.

'ಮಾಸ' (ಅಂದರೆ ಜನಸಮೂಹ) ಕವಿತೆ ಇನ್ನೂ ಸರಳ. ಯುದ್ಧ ಮುಗಿದಿದೆ, ಸೈನಿಕ ಸತ್ತು ಬಿದ್ದಿದ್ದಾನೆ. ಒಬ್ಬ ಬಂದು 'ಸಾಯಬೇಡ, ನಿನ್ನನ್ನು ಅಷ್ಟು ಪ್ರೀತಿಸುತ್ತೇನೆ' ಅನ್ನುತ್ತಾನೆ. ಹೆಣ ಸಾಯುತ್ತಲೇ ಹೋಗುತ್ತದೆ. ಇಬ್ಬರು ಬರುತ್ತಾರೆ. ಇಪ್ಪತ್ತು, ನೂರು, ಸಾವಿರ, ಐದು ಲಕ್ಷ. ಆಗುವುದಿಲ್ಲ. ಕೊನೆಗೆ ಭೂಮಿಯ ಮೇಲಿನ ಮನುಷ್ಯರೆಲ್ಲ ಸುತ್ತ ನಿಂತಾಗ ಹೆಣ ಮೆಲ್ಲಗೆ ಎದ್ದು, ಮೊದಲು ಬಂದವನನ್ನು ಅಪ್ಪಿಕೊಂಡು, ನಡೆಯತೊಡಗುತ್ತದೆ. ಎಲ್ಲರೂ ಬಂದರೆ ಮಾತ್ರ, ಒಬ್ಬ ಕಡಿಮೆಯಾದರೂ ಇಲ್ಲ.

ಈ ಪುಸ್ತಕವನ್ನು 1939ರ ಜನವರಿಯಲ್ಲಿ, ಸೋಲು ಬಾಗಿಲಿಗೆ ಬಂದಿದ್ದಾಗ, ರಿಪಬ್ಲಿಕ್, ಅಂದರೆ ದಂಗೆಗೆ ಎದುರಾಗಿ ನಿಂತ ಸ್ಪೇನ್ ಸರ್ಕಾರದ ಪಡೆಯ ಸೈನಿಕರು ಸ್ಪೇನಿನ ಕತಲೋನಿಯಾದಲ್ಲಿ ಅಚ್ಚುಹಾಕಿದರು. ಕವಿ ಮಾನ್ವೆಲ್ ಆಲ್ತೊಲಗಿರೆ ನಿಂತು ಮಾಡಿಸಿದ. ಯುದ್ಧದಲ್ಲಿ ಎಲ್ಲ ಪ್ರತಿಗಳೂ ನಾಶವಾದವು ಅಂತಲೇ ಬಹುಕಾಲ ನಂಬಿದ್ದರು. 1980ರ ದಶಕದಲ್ಲಿ ಮೊಂತ್‌ಸೆರ್ರಾತ್ ಮಠದ ಗ್ರಂಥಾಲಯದಲ್ಲಿ ಕೆಲವು ಪ್ರತಿ ಸಿಕ್ಕವು.

ತನ್ನ ಸಾವನ್ನು ಮೊದಲೇ ಹೇಳಿದ್ದನಂತೆ, ಹೌದಾ?

ಎಲ್ಲರಿಗೂ ಇದೇ ಪ್ರಶ್ನೆ ಬೇಕು. 'ಬಿಳಿ ಕಲ್ಲಿನ ಮೇಲೆ ಕರಿ ಕಲ್ಲು' ಅನ್ನುವ ಸಾನೆಟ್ ಇದೆ. ಜೋರು ಮಳೆಯಲ್ಲಿ ಪ್ಯಾರಿಸ್‌ನಲ್ಲಿ ಸಾಯುತ್ತೇನೆ, ಆ ದಿನದ ನೆನಪು ನನಗೆ ಈಗಾಗಲೇ ಇದೆ, ಬಹುಶಃ ಒಂದು ಗುರುವಾರ, ಇವತ್ತಿನಂತೆಯೇ ಶರತ್ಕಾಲ ಅಂತ ಬರೆದಿದ್ದಾನೆ. ಸತ್ತಿದ್ದು ಪ್ಯಾರಿಸ್‌ನಲ್ಲೇ. ಆದರೆ ಅದು ಶುಕ್ರವಾರ, ಅದೂ ವಸಂತಕಾಲ. ವರ್ಷಗಟ್ಟಲೆ ಪ್ಯಾರಿಸ್‌ನಲ್ಲಿ ಬಡತನದಲ್ಲಿ ಇದ್ದವನು ಅಲ್ಲೇ ಸಾಯುತ್ತೇನೆ ಅಂದರೆ ಅದರಲ್ಲಿ ಭವಿಷ್ಯವಾಣಿ ಏನು ಬಂತು? ಕವಿತೆಯ ಮಜಾ ಇರುವುದು ಆ 'ನೆನಪಿದೆ' ಅನ್ನುವುದರಲ್ಲಿ, ಮುಂದೆ ಬರುವುದನ್ನು ಆಗಿಹೋದದ್ದರ ಹಾಗೆ ಹೇಳುವುದರಲ್ಲಿ. 'ಸೆಸರ್ ವಯೆಹೊ ಸತ್ತ, ಅವನು ಯಾರಿಗೂ ಏನೂ ಮಾಡದಿದ್ದರೂ ಎಲ್ಲರೂ ಅವನಿಗೆ ಬಡಿಯುತ್ತಿದ್ದರು' ಅಂತ ಬೇರೆಯವರ ಸುದ್ದಿಯಂತೆ ತನ್ನ ಸುದ್ದಿ ಬರೆಯುವುದರಲ್ಲಿ.

ಹಾಗಾದರೆ ಸತ್ತಿದ್ದು ಹೇಗೆ?

1938ರ ಮಾರ್ಚ್‌ನಲ್ಲಿ ಹಾಸಿಗೆ ಹಿಡಿದ. ಜ್ವರ ಇಳಿಯಲೇ ಇಲ್ಲ. ವೈದ್ಯರಿಗೆ ಕಾಯಿಲೆ ಏನೆಂದು ತಿಳಿಯಲಿಲ್ಲ. ಹಳೆಯ ಮಲೇರಿಯಾ ಮರುಕಳಿಸಿತ್ತು ಅಂತ ಆಮೇಲೆ ಬಹಳ ಜನ ಹೇಳಿದ್ದಾರೆ. ಏಪ್ರಿಲ್ 15ರಂದು, ಗುಡ್ ಫ್ರೈಡೇ ಬೆಳಿಗ್ಗೆ, ಆಸ್ಪತ್ರೆಯಲ್ಲಿ ಪ್ರಾಣ ಹೋಯಿತು. 46 ವಯಸ್ಸು. ಅದೇ ದಿನ ದಂಗೆಯ ನಾಯಕ ಫ್ರಾಂಕೊನ ಪಡೆಗಳು ಮೆಡಿಟರೇನಿಯನ್ ಕಡಲು ಮುಟ್ಟಿ ರಿಪಬ್ಲಿಕ್‌ನ ನೆಲವನ್ನು ಎರಡಾಗಿ ಸೀಳಿದವು. ಹೊಟ್ಟೆಗಿಲ್ಲದೆ ಸತ್ತ ಅನ್ನುವುದು ಸರಿಯಲ್ಲ, ಆದರೆ ವರ್ಷಗಟ್ಟಲೆ ಅರೆಹೊಟ್ಟೆ ಅವನ ದೇಹವನ್ನು ತಿಂದಿತ್ತು ಅನ್ನುವುದರಲ್ಲಿ ಅನುಮಾನ ಇಲ್ಲ. ಅಂತ್ಯಕ್ರಿಯೆಯಲ್ಲಿ ಫ್ರೆಂಚ್ ಕವಿ ಲೂಯಿ ಅರಗಾನ್ ಮಾತಾಡಿದ. ಮೊದಲು ಮೊಂತ್‌ರೂಜ್‌ನಲ್ಲಿ ಮಣ್ಣು ಮಾಡಿದರು. 1970ರಲ್ಲಿ ಮೊಂಪಾರ್ನಾಸ್ ಸ್ಮಶಾನಕ್ಕೆ ಸಾಗಿಸಿದರು.

ಹೆಂಡತಿ ಜಾರ್ಜೆಟ್ ಬಗ್ಗೆ ಕೆಟ್ಟ ಮಾತು ಕೇಳುತ್ತೇವಲ್ಲ?

ಕೇಳುತ್ತೇವೆ, ಅದರಲ್ಲಿ ಬಹಳಷ್ಟು ಅನ್ಯಾಯ. ಜಾರ್ಜೆಟ್ ಫಿಲಿಪಾರ್ ಫ್ರೆಂಚ್ ಹೆಂಗಸು, ಅವನಿಗಿಂತ ಹದಿನಾರು ವರ್ಷ ಚಿಕ್ಕವಳು. 1934ರಲ್ಲಿ ಮದುವೆಯಾದರು. ಗಂಡ ಸತ್ತಾಗ ಆಕೆಗೆ ಮೂವತ್ತು. ಟೈಪ್ ಮಾಡಿದ ಹಾಳೆಗಳನ್ನು ಹೊಂದಿಸಿ, ಇತಿಹಾಸಕಾರ ರಾಉಲ್ ಪೊರ್ರಾಸ್ ಬರೆನೆಚೆಯ ಜೊತೆ ಸೇರಿ 1939ರಲ್ಲಿ ಪ್ಯಾರಿಸ್‌ನಲ್ಲಿ 'ಪೊಯೆಮಾಸ್ ಉಮಾನೊಸ್', ಅಂದರೆ ಮಾನುಷ ಕವಿತೆಗಳು ಅನ್ನುವ ಪುಸ್ತಕ ತಂದದ್ದು ಆಕೆ. ಆ ಹೆಸರು ವಯೆಹೊ ಇಟ್ಟದ್ದಲ್ಲ. ಯಾವ ಕವಿತೆ ಯಾವ ಗುಂಪಿಗೆ ಸೇರಬೇಕು, ಯಾವುದು ಮೊದಲು ಅನ್ನುವ ಜಗಳ ಅಂದು ಶುರುವಾಗಿದ್ದು ಇನ್ನೂ ಮುಗಿದಿಲ್ಲ. ಲರ್ರೆಯ ಒಂದು ಹೇಳಿದರೆ ಜಾರ್ಜೆಟ್ ಇನ್ನೊಂದು ಹೇಳುತ್ತಿದ್ದರು, ಇಬ್ಬರ ಜಗಳ ದಶಕಗಟ್ಟಲೆ ನಡೆಯಿತು. 1968ರಲ್ಲಿ ಲೀಮಾದಲ್ಲಿ ಮೂಲ ಹಾಳೆಗಳ ಪಡಿಯಚ್ಚು ಸಮೇತ ಸಮಗ್ರ ಕಾವ್ಯ ಬಂದ ಮೇಲೆ ಓದುಗರೇ ನೋಡಿ ತೀರ್ಮಾನಿಸುವಂತಾಯಿತು.

1951ರಲ್ಲಿ ಆಕೆ ಲೀಮಾಗೆ ಬಂದು ನೆಲೆಸಿದರು. 1984ರಲ್ಲಿ ಅಲ್ಲೇ ತೀರಿಕೊಂಡರು. ಮಾತು ಖಾರವಾಗಿತ್ತು, ಯಾರನ್ನೂ ನಂಬುತ್ತಿರಲಿಲ್ಲ, ಅದು ನಿಜ. ಆದರೆ ಯುದ್ಧದ ಕಾಲದ ಪ್ಯಾರಿಸ್‌ನಲ್ಲಿ ಆ ಹಾಳೆಗಳನ್ನು ಉಳಿಸಿದವರು ಯಾರು? ನಮಗೆ ಸಿಕ್ಕಿರುವ ಕವಿತೆ ಆಕೆ ಕೊಟ್ಟದ್ದು.

ನೆರೂಡನನ್ನು ಓದಿದ್ದೇನೆ. ವಯೆಹೊ ಹೇಗೆ ಬೇರೆ?

ನೆರೂಡ ಲೋಕವನ್ನು ಹೆಸರು ಹಿಡಿದು ಕರೆಯುತ್ತಾ ಹರಿಯುತ್ತಾನೆ. ವಯೆಹೊ ತೊದಲುತ್ತಾನೆ. ಒಂದು ಮಾತು ಹೇಳಿ ಅದನ್ನೇ ಹಿಂದಕ್ಕೆ ತೆಗೆದುಕೊಳ್ಳುತ್ತಾನೆ, ನಡುವೆ ಕಚೇರಿ ಕಾಗದದ ಭಾಷೆ ಬರುತ್ತದೆ, ಇದ್ದಕ್ಕಿದ್ದಂತೆ ಕೂಗುತ್ತಾನೆ. ಒಂದು ಕವಿತೆ ಪೂರಾ ಸರ್ಕಾರಿ ವರದಿಯ ಧಾಟಿಯಲ್ಲಿದೆ. ಮನುಷ್ಯ ದುಃಖಿ, ಕೆಮ್ಮುತ್ತಾನೆ, ತಲೆ ಬಾಚಿಕೊಳ್ಳುತ್ತಾನೆ ಅಂತ ತಣ್ಣಗೆ ಪಟ್ಟಿ ಮಾಡುತ್ತಾ ಹೋಗಿ, ಕೊನೆಗೆ ಸನ್ನೆ ಮಾಡಿ ಕರೆದು, ಬಂದವನನ್ನು ಅಪ್ಪಿಕೊಂಡುಬಿಡುತ್ತಾನೆ. ನಗುವೂ ಬರುತ್ತದೆ, ಗಂಟಲೂ ಕಟ್ಟುತ್ತದೆ. ಬರೀ ದುಃಖದ ಕವಿ ಅನ್ನುವವರು ಈ ನಗುವನ್ನು ನೋಡಿಲ್ಲ.

ಪೆರುವಿನಲ್ಲಿ ಈಗ ಅವನಿಗೆ ಎಂಥ ಸ್ಥಾನ?

ರಸ್ತೆ, ಶಾಲೆ, ತ್ರುಹಿಯೊದ ಒಂದು ಖಾಸಗಿ ವಿಶ್ವವಿದ್ಯಾಲಯ, ಅದರದೇ ಫುಟ್‌ಬಾಲ್ ತಂಡ, ಎಲ್ಲಕ್ಕೂ ಅವನ ಹೆಸರು. 1980ರ ದಶಕದ ಕೊನೆಗೆ 10,000 ಇಂತಿ (ಪೆರುವಿನ ಆಗಿನ ಹಣ) ನೋಟಿನ ಮೇಲೆ ಅವನ ಮುಖ ಬಂತು. ಆಗ ಬೆಲೆಯೇರಿಕೆ ಎಷ್ಟು ಭೀಕರವಾಗಿತ್ತೆಂದರೆ 1991ರಲ್ಲಿ ಹೊಸ ನಾಣ್ಯ ತಂದು ಹತ್ತು ಲಕ್ಷ ಇಂತಿಗೆ ಒಂದು ಹೊಸ ಸೋಲ್ ಅಂತ ಮಾಡಿದರು. ಅಂದರೆ ವಯೆಹೊ ಮುಖದ ನೋಟಿಗೆ ಸಿಕ್ಕಿದ್ದು ಒಂದು ಸೋಲ್‌ನ ನೂರರ ಒಂದು ಪಾಲು. ಬದುಕಿದ್ದರೆ ಇದರ ಮೇಲೊಂದು ಕವಿತೆ ಖಂಡಿತ ಬರೆಯುತ್ತಿದ್ದ.

ಸ್ಪ್ಯಾನಿಷ್ ಬರುವುದಿಲ್ಲ. ಎಲ್ಲಿಂದ ಶುರು ಮಾಡಲಿ?

ಇಂಗ್ಲಿಷ್‌ನಲ್ಲಿ ಕ್ಲೇಟನ್ ಎಶಲ್‌ಮನ್ ಅನುವಾದ ಸಮಗ್ರವಾಗಿದೆ. ಅವನು ಇದಕ್ಕಾಗಿ ದಶಕಗಳನ್ನೇ ಕೊಟ್ಟ, 2007ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಪ್ರಕಾಶನದಿಂದ ಒಂದೇ ಸಂಪುಟವಾಗಿ ಬಂತು. ಎದುರು ಪುಟದಲ್ಲಿ ಸ್ಪ್ಯಾನಿಷ್ ಇದೆ. ಭಾಷೆ ಬರದಿದ್ದರೂ ಅದನ್ನು ಬಾಯಿಬಿಟ್ಟು ಓದಿ. ಸ್ಪ್ಯಾನಿಷ್ ನಮ್ಮ ಹಾಗೆ ಹೆಚ್ಚುಕಮ್ಮಿ ಬರೆದಂತೆಯೇ ಓದುವ ಭಾಷೆ, ಸ್ವಲ್ಪ ಅಭ್ಯಾಸಕ್ಕೆ ಲಯ ಸಿಗುತ್ತದೆ. ರಾಬರ್ಟ್ ಬ್ಲೈ, ಜೇಮ್ಸ್ ರೈಟ್ ಮಾಡಿದ ಆಯ್ದ ಕವಿತೆಗಳೂ ಇವೆ. ಅವು ಇನ್ನಷ್ಟು ನಯ, ಎಶಲ್‌ಮನ್ ಇನ್ನಷ್ಟು ಒರಟು. ನನ್ನ ಮತ ಒರಟಿಗೆ.

'ತ್ರಿಲ್ಸೆ'ಯಿಂದ ಶುರು ಮಾಡಬೇಡಿ. ಅಣ್ಣ ಮಿಗೆಲ್ ಮೇಲಿನದು, ಆಮೇಲೆ ಕಾಫಿಯ ಕವಿತೆ, ಆಮೇಲೆ 'ಮಾಸ'. ಅಲ್ಲಿಂದ 'ತ್ರಿಲ್ಸೆ'ಯ 3, 23, 28. ಅಷ್ಟಾದ ಮೇಲೆ 1937ರ ನವೆಂಬರಿನಲ್ಲಿ ಬರೆದ ಒಂದು ಕವಿತೆಗೆ ಬನ್ನಿ, ಒಬ್ಬ ಮನುಷ್ಯ ಹೆಗಲ ಮೇಲೆ ಬ್ರೆಡ್ ಹೊತ್ತು ಹೋಗುತ್ತಿದ್ದಾನೆ ಅಂತ ಶುರುವಾಗುತ್ತದೆ. ಅವನನ್ನು ನೋಡಿದ ಮೇಲೆ ನಾನು ನನ್ನ ಪ್ರತಿರೂಪದ ಬಗ್ಗೆ ಬರೆಯಲಾ? ಇನ್ನೊಬ್ಬ ಕೂತು ಕೆರೆದುಕೊಂಡು ಹೇನು ತೆಗೆದು ಕುಕ್ಕುತ್ತಾನೆ. ಅದನ್ನು ನೋಡಿದ ಮೇಲೆ ಮನೋವಿಶ್ಲೇಷಣೆಯ ಬಗ್ಗೆ ಮಾತಾಡಲಾ? ಇನ್ನೊಬ್ಬ ಕೆಸರಿನಲ್ಲಿ ಮೂಳೆ, ಸಿಪ್ಪೆ ಹುಡುಕುತ್ತಿದ್ದಾನೆ. ಹೀಗೆ ಎರಡೆರಡು ಸಾಲು, ಪ್ರತಿ ಸಲ ಒಂದು ನೋಟ, ಒಂದು ಪ್ರಶ್ನೆ. ಉತ್ತರ ಒಂದಕ್ಕೂ ಕೊಡುವುದಿಲ್ಲ. ಪ್ರಶ್ನೆ ಕೇಳುತ್ತಿರುವವನೂ ಬರೆಯುವುದನ್ನು ನಿಲ್ಲಿಸಿಲ್ಲ, ಅದನ್ನೂ ಗಮನಿಸಿ.